ಹಗ್ಗದ ಆ ತುದಿಯಲ್ಲಿ ಜಾನಕಿಯಮ್ಮ

ಶಿರುಮುಗೈಯ ನೇಕಾರ ಬೀದಿಯಲ್ಲಿ ಒಬ್ಬರ ಮನೆಯ ಪಾವು ಎಂದರೆ ಬೀದಿಗೆಲ್ಲ ಸೇರಿದ ಕೆಲಸ. ಪಾವೆಂದರೆ ಹಾಸಿನ ನೂಲು; ಅದನ್ನು ಮಗ್ಗಕ್ಕೆ ಏರಿಸುವ ಮೊದಲು ಬೀದಿಯುದ್ದಕ್ಕೂ ಬಿಗಿದು, ಅನ್ನದ ಗಂಜಿ ಹಚ್ಚಿ, ಬಿಸಿಲೇರುವುದರೊಳಗೆ ಕುಂಚದಿಂದ ಎಳೆಎಳೆಯನ್ನೂ ಬಿಡಿಸಬೇಕು. ಕರೆಯದೆಯೇ ಅಕ್ಕಪಕ್ಕದವರು ಬಂದು ಕೈಜೋಡಿಸುವುದು ರೂಢಿ. ನಾಚಿಯಮ್ಮನ ಮನೆಗೆ ಮಾತ್ರ ಯಾರೂ ಬಾರದಾಗಿದ್ದರು.

ಅವಳೂ ಗಂಡ ಶಣ್ಮುಗನೂ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದ ಮರುವರ್ಷ, ೧೯೮೪ರಲ್ಲಿ, ಶಣ್ಮುಗನ ಬಲಗೈ ಬಲಗಾಲು ಪಾರ್ಶ್ವವಾಯುವಿನಿಂದ ಸ್ವಾಧೀನ ತಪ್ಪಿದವು. ಕುಲದೇವತೆ ಚೌಡಮ್ಮನನ್ನು ಬಿಟ್ಟದ್ದಕ್ಕೆ ಶಿಕ್ಷೆ ಎಂದಿತು ಬೀದಿ. ಪ್ರಿಯರೇ, ಆ ಮಾತು ಬೀದಿಯಲ್ಲೇ ಉಳಿದಿದ್ದರೆ ಸಹಿಸಬಹುದಿತ್ತು. ಅದು ನಾಚಿಯಮ್ಮನ ಎದೆಯೊಳಗೂ ಬಂದು ಕುಳಿತಿತು. ಕರ್ತನು ಸೇಡಿಗಾಗಿ ಹೊಡೆಯುವವನಲ್ಲವೆಂದು ಭಾನುವಾರದ ಕೂಟದಲ್ಲಿ ನಾವು ಹೇಳಿದರೆ ತಲೆಯಾಡಿಸುತ್ತಿದ್ದಳು. ಆದರೆ ಕಷ್ಟವು ಮನುಷ್ಯನಿಂದ ಮೊದಲು ಕಸಿಯುವುದು ನಂಬುಗೆಯನ್ನೇ. ಎದುರು ಮನೆಯವರು ನಕ್ಕರೆ ತನ್ನನ್ನು ಕಂಡೇ, ಪಿಸುಗುಟ್ಟಿದರೆ ತನ್ನ ವಿಷಯವೇ ಎಂದು ಅವಳಿಗೆ ತೋರುತ್ತಿತ್ತು. ಕೂಟದ ನಾವೆಲ್ಲ ಅವಳಿಗಾಗಿ ಪ್ರಾರ್ಥಿಸುತ್ತಿದ್ದೆವು. ಪಾವು ಹಿಡಿಯುವ ವಿದ್ಯೆ ಮಾತ್ರ ನಮ್ಮಲ್ಲಿ ಒಬ್ಬರಿಗೂ ಬಾರದು.

ನೇಕಾರರ ಸಂಘದಿಂದ ತಂದ ನೂಲು ಒಂದು ಪಾವಿಗಾಗುವಷ್ಟೇ ಉಳಿದಿತ್ತು. ಅದೂ ಕೆಟ್ಟರೆ ಮಗ್ಗ ಬಿಚ್ಚಿ, ಗಂಡನನ್ನು ಕರೆದುಕೊಂಡು ತಿರುಪ್ಪೂರಿನ ಬನಿಯನ್ ಕಂಪನಿಯ ಬಾಗಿಲಲ್ಲಿ ಕೂಲಿಗೆ ಕಾಯಬೇಕು. ಒಂದು ಮುಂಜಾನೆ ಅವಳು ಒಬ್ಬಳೇ ಪಾವು ಕಟ್ಟಲು ನಿಂತಳು. ಆಗ ಎದುರು ಮನೆಯ ಜಾನಕಿಯಮ್ಮ ಗಂಜಿಯ ಪಾತ್ರೆ ಹೊತ್ತು ಬಂದಳು. ಶಿಕ್ಷೆಯ ಮಾತನ್ನು ಎಲ್ಲರಿಗಿಂತ ಗಟ್ಟಿಯಾಗಿ ಆಡಿದವಳು ಅವಳೇ.

“ಏನೇ ನಾಚಿ, ನಿನ್ ಹೊಸ ಸಾಮಿ ಬಂದು ಕುಂಚ ಹಿಡಿಯಾದಿಲ್ವಾ?”

“ನೀ ಯಾಕ್ಕಾ ಬಂದೆ? ಯಾರು ಕಳ್ಸಿದ್ರು?”

“ಕಲೆಕ್ಟ್ರು. ಹಿಡಿ ಪಾತ್ರೆನ, ಕೈ ನೋಯ್ತದೆ.”

ನಾಚಿಯಮ್ಮ ಪಾತ್ರೆಯನ್ನು ಇಳಿಸಿಕೊಂಡು ಮೂಸಿದಳು. ಹುಳಿ ಬಂದ ಗಂಜಿ ನೂಲನ್ನು ಕಡಿಯುತ್ತದೆ. ತುಂಡು ಎಳೆಯೊಂದನ್ನು ಅದ್ದಿ ಎರಡು ಬೆರಳಲ್ಲಿ ಜಗ್ಗಿದಳು.

“ವಿಷ ಹಾಕಿದೀನಾ ಅಂತ ನೋಡ್ತಿಯಾ?”

“ನೋಡ್ತೀನಿ.”

ಎಳೆ ಕಡಿಯಲಿಲ್ಲ. ಅನುಮಾನವೂ ಕಡಿಯಲಿಲ್ಲ. ಗಂಜಿ ಹಚ್ಚುವಾಗ ಇನ್ನೊಬ್ಬರು ತುದಿಯ ಹಗ್ಗವನ್ನು ಜಗ್ಗಿ ಹಿಡಿದಿರಬೇಕು. ಹಸಿ ಪಾವು ಒಮ್ಮೆ ಸಡಿಲವಾದರೆ ಎಳೆಗಳು ಒಂದಕ್ಕೊಂದು ಅಂಟಿ ಹಗ್ಗವಾಗಿಬಿಡುತ್ತವೆ. ಒಳ್ಳೆಯ ಗಂಜಿ ಕೊಟ್ಟು ನಂಬಿಸಿ, ನಡುವೆ ಕೈಬಿಟ್ಟರೆ? ಹಗ್ಗ ಹಿಡಿದ ಜಾನಕಿಯಮ್ಮನ ಮೇಲೆ ಕಣ್ಣಿಟ್ಟು ಅವಳು ಹಿಂದುಹಿಂದಕ್ಕೆ ನಡೆಯುತ್ತ ಕುಂಚ ಆಡಿಸಿದಳು. ಕುಂಚ ಅಡ್ಡಾದಿಡ್ಡಿಯಾಯಿತು, ಒಂದು ಕಡೆ ಎಳೆಗಳು ಮುದ್ದೆಗಟ್ಟಿದವು.

“ನನ್ ಮೊಕ ನೋಡ್ಕೊಂಡು ಹಚ್ಚಿದ್ರೆ ಆದಂಗೇ. ತಿರುಗಿ ನಡಿ, ವೆಯಿಲು ಏರ್ತಾ ಅದೆ.”

“ನಿಜ ಹೇಳಕ್ಕಾ, ಯಾಕೆ ಬಂದೆ?”

“ನಾಡಿದ್ದು ನಮ್ ಪಾವು. ಸೊಸೆ ತವ್ರಿಗೆ ಹೋಗವ್ಳೆ. ನಿಂಗಿಂತ ಚೆನ್ನಾಗಿ ಎಳೆ ಬಿಡ್ಸೋರು ಯಾರವ್ರೆ? ಸಾಕಾ?”

ನಿಜವಿರಬಹುದು, ನೆವವೂ ಇರಬಹುದು. ಹೆಂಚಿನ ಮೇಲಿದ್ದ ಬಿಸಿಲು ಗೋಡೆಗೆ ಇಳಿಯುತ್ತಿತ್ತು. ಆ ಗಳಿಗೆಯಲ್ಲಿ, ಕರ್ತನ ಶಿಲುಬೆಗೆ ಹೆಗಲು ಕೊಟ್ಟವನು ನೆನಪಿಗೆ ಬಂದನೆಂದು ಅವಳು ನಮಗೆ ಆಮೇಲೆ ಹೇಳಿದಳು. ಅವನು ಭಕ್ತಿಯಿಂದ ಬಂದವನಲ್ಲ. ದಂಡಾಳುಗಳು ಹಿಡಿದು ನಿಲ್ಲಿಸಿದ ದಾರಿಹೋಕ. ನಿನ್ನ ಮನಸ್ಸಿನಲ್ಲೇನಿದೆ ಎಂದು ಕರ್ತನು ಅವನನ್ನು ವಿಚಾರಿಸಲಿಲ್ಲ, ಆ ಹೆಗಲನ್ನು ಬೇಡವೆನ್ನಲೂ ಇಲ್ಲ. ಬಾಧೆಯನ್ನು ತೆಗೆದುಬಿಡು ಎಂದೇ ನಾವು ಬೇಡುತ್ತೇವೆ, ಪ್ರಿಯರೇ. ಆತನು ಹಲವು ಸಲ ಕಳುಹಿಸುವುದು ನಮಗೆ ಹಿಡಿಸದ ಒಂದು ಹೆಗಲನ್ನು.

ನಾಚಿಯಮ್ಮ ಜಾನಕಿಯಮ್ಮನಿಗೆ ಬೆನ್ನುಮಾಡಿ ನಡೆದಳು. ಪೂರ್ತಿ ನಂಬಿ ನಡೆದಳೆಂದು ಹೇಳಲಾರೆ. ನಡುವೆ ಕತ್ತು ಹೊರಳಿಸಿ ಕದ್ದು ನೋಡಿದ್ದುಂಟು. ಆದರೆ ಕೈ ಕುಂಚವನ್ನು ಬಿಡಲಿಲ್ಲ. ಮುದ್ದೆಗಟ್ಟಿದ ಕಡೆಗೆ ಮತ್ತೆ ಬಂದು, ನೀರು ಚಿಮುಕಿಸಿ, ಒಂದೊಂದೇ ಎಳೆಯನ್ನು ಬಿಡಿಸಿದಳು. ಅಷ್ಟು ಹೊತ್ತೂ ಹಗ್ಗ ಬಿಗಿಯಾಗಿಯೇ ಇತ್ತು. ಬಿಸಿಲು ಬೀದಿಗಿಳಿದಾಗ ಪಾವು ಎಳೆಎಳೆಯಾಗಿ ಒಣಗಿತ್ತು.

ಶಣ್ಮುಗನ ಕೈ ಮುಂದೆಯೂ ಏಳಲಿಲ್ಲ. ಮಗ್ಗವಂತೂ ಉಳಿಯಿತು.

“ಒಳಗೆ ಬಾಕ್ಕಾ, ಕಾಪಿ ಕುಡ್ದು ಹೋಗು,” ಎಂದಳು ನಾಚಿಯಮ್ಮ.

ಜಾನಕಿಯಮ್ಮ ಬೀದಿಯ ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಆಮೇಲೆ ಸೆರಗು ಬಿಗಿದು, ತಲೆ ತಗ್ಗಿಸಿ ಹೊಸ್ತಿಲು ದಾಟಿದಳು.