ಲಿನಕ್ಸ್ ಹಾಕುವ ಮುನ್ನ ತಾಳೆ ನೋಡಿದ್ದಕ್ಕೆ

ಗೆಳೆಯರೇ, ಇವತ್ತು ನಾನು ಗೆದ್ದೆ. ಮಾದನಹಿಪ್ಪರಗಾದ ನಮ್ಮಕ್ಕ ಮದುವೆ ಪತ್ರಿಕೆ ಟೈಪ್ ಮಾಡಿಕೊಡುವ ಹಳೆಯ ಲ್ಯಾಪ್‌ಟಾಪ್ ತೆವಳುತ್ತಿತ್ತು. ಅದರ ಹಳೆಯ ಆಪರೇಟಿಂಗ್ ಸಿಸ್ಟಂ ತೆಗೆದು ಹಗುರವಾದ ಲಿನಕ್ಸ್ ಹಾಕಲು ಫೈಲ್ ಇಳಿಸಿಕೊಂಡು, ಅದು ಕೆಡದೆ ಇಳಿದಿದೆಯೇ ಎಂದು ವೆಬ್‌ಸೈಟಿನಲ್ಲಿದ್ದ ಚೆಕ್‌ಸಮ್ ಎಂಬ ಉದ್ದನೆಯ ಅಕ್ಷರಸಾಲಿನ ಜೊತೆ ತಾಳೆ ನೋಡುತ್ತಿದ್ದೆ.

"ಪೂರಾ ಇಳದದಲ್ಲ, ಮತ್ತೇನ್ ನೋಡಾಕತ್ತಿ? ಹಾಕಿಬಿಡು," ಎಂದರು ಭಾವ.

ತಾಳೆಯಾಗಲಿಲ್ಲ. ಫೈಲ್ ಕೆಟ್ಟಿತ್ತು.

"ಇದನ್ನ ಹಾಕಿದ್ರ ಹಳೇದೂ ಹೋಗ್ತದ, ಹೊಸದೂ ನಿಂದ್ರಂಗಿಲ್ರಿ. ಅಕ್ಕ ನಾಳಿ ಪತ್ರಿಕೆ ಕೊಡೋದದ," ಎಂದೆ. ಭಾವ ಮುಖ ತಿರುಗಿಸಿದರು.

"ಅವರ ಮಾತ್ ಬಿಡು, ನೀ ಸಾವಕಾಶ ನೋಡು," ಎಂದಳು ಅಕ್ಕ.

ಮತ್ತೆ ಇಳಿಸಿದೆ. ಈ ಸಲ ಅಕ್ಷರಕ್ಕೆ ಅಕ್ಷರ ಹೊಂದಿತು. ಸಂಜೆಯೊಳಗೆ ಲ್ಯಾಪ್‌ಟಾಪ್ ಓಡತೊಡಗಿತು, ಅಕ್ಕ ಪತ್ರಿಕೆಯನ್ನೂ ಮುಗಿಸಿದಳು.

ಭಾವ ಈಗ ಪಕ್ಕದ ಮನೆಯವರಿಗೆ ಹೇಳುತ್ತಿದ್ದಾರೆ: "ತಾಳೆ ನೋಡಲಾರ್ದ ನಾವು ಏನೂ ಹಾಕಂಗಿಲ್ರಿ." ಗೆದ್ದವಳು ಯಾರೆಂದು ಲ್ಯಾಪ್‌ಟಾಪಿಗಾದರೂ ಗೊತ್ತಿದೆ.