ದುಂಡುಹುಳಕ್ಕೆ ಹೂ ಮುಡಿಸಿದ ಸರ್

ಮೊನ್ನೆ ಹಡಗಲಿಯ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಹಳೆಯ ಜಾಡಿಯೊಂದರ ಮುಚ್ಚಳ ಸಡಿಲಾಗಿ ಫಾರ್ಮಲಿನ್ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಹುಡುಗಿಯರು ದುಪಟ್ಟಾ ಮೂಗಿಗೊತ್ತಿ ಹೊರಗೋಡಿದರು. ನನಗೆ ಮಾತ್ರ ಕೊಟ್ಟೂರಿನ ನಮ್ಮ ಮನೆಯ ಶಾವಿಗೆ ಪಾಯಸ ನೆನಪಾಯಿತು... ಅದರ ಹಿಂದೆಯೇ ನನ್ನ ಪ್ರಾಣಿಶಾಸ್ತ್ರದ ಸರ್.

ತೊಂಬತ್ತರ ದಶಕದ ಕೊನೆ. ನನ್ನದು ಬಿ.ಎಸ್ಸಿ. ಕೊನೆಯ ವರ್ಷ. ಸರ್ ಮಹಾ ಸಂಕೋಚದ ಮನುಷ್ಯ. ಗಂಡು-ಹೆಣ್ಣು ಕೂಡುವ ವಿಷಯ ಬಂತೆಂದರೆ ನಮಗೆ ಬೆನ್ನು ತಿರುಗಿಸಿ ಬೋರ್ಡಿಗೆ ಪಾಠ ಹೇಳುತ್ತಿದ್ದರು. ಜಂತುಹುಳದ ಬಳಗದ ದುಂಡುಹುಳಗಳ ಪಾಠದಲ್ಲಿ ಪಾಪ, ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ. ಒಂದು ಹೆಣ್ಣಿಗೆ ಹಲವು ಗಂಡುಗಳ ಪೈಪೋಟಿ. ಕೆಲವು ಜಾತಿಗಳಲ್ಲಿ ಕೂಡಿದ ಗಂಡು, ಇನ್ನೊಂದು ಬರದಂತೆ ಹೆಣ್ಣಿಗೆ ಅಂಟಿನ ಬಿರಡೆ ಹಾಕಿ ಹೋಗುತ್ತದೆ. ಇದನ್ನು ಹುಡುಗಿಯರಿಗೆ ಹೇಗೆ ಹೇಳುವುದು? ಬೆವರು ಒರೆಸಿಕೊಂಡು ಬೋರ್ಡಿಗೆ ಹೇಳಿದರು: “ನಮ್ಮ ಕಡಿ ಹೆಣ್ಣು ಗೊತ್ತು ಮಾಡಿ ಹೂ ಮುಡಿಸಿ ಹೋಗ್ತಾರಲ್ಲ, ಹಂಗ ಅಂತ ತಿಳ್ಕೊಳ್ರಿ. ಇನ್ನೊಬ್ಬ ವರ ಹೊಸ್ತಿಲ ತುಳಿಯಂಗಿಲ್ಲ.”

ಇಡೀ ಕ್ಲಾಸು ನನ್ನತ್ತ ತಿರುಗಿ ಗೊಳ್ಳೆಂದು ನಕ್ಕಿತು. ಹಿಂದಿನ ಭಾನುವಾರವಷ್ಟೇ ಹರಪನಹಳ್ಳಿಯ ಗಂಡಿನ ಕಡೆಯವರು ನನಗೆ ಹೂ ಮುಡಿಸಿ ಹೋಗಿದ್ದರು. ಪರೀಕ್ಷೆಗೆ ಮೊದಲೇ ಮದುವೆ ಆಗಬೇಕೆಂದು ಅವರ ಹಟ. ನನ್ನ ಓದು ಅಲ್ಲಿಗೇ ಮುಗಿಯುವುದಿತ್ತು. ಸಿಟ್ಟು ನೆತ್ತಿಗೇರಿ ಎದ್ದು ಕೇಳಿಬಿಟ್ಟೆ: “ಹೆಣ್ಣಿಗೆ ಬ್ಯಾಡಾದ್ರ ಏನ್ ಮಾಡತೈತ್ರಿ ಸರ್?”

ಸರ್ ಮೊದಲ ಸಲ ನಮ್ಮ ಕಡೆ ತಿರುಗಿದರು. “ಓಡತೈತವ್ವಾ,” ಅಂದರು, ಮೆಲ್ಲಗೆ.

ನಗುವಿನ ಕಾರಣವನ್ನು ಯಾರೋ ಆಮೇಲೆ ಹೇಳಿರಬೇಕು. ಮರುದಿನ ಸಂಜೆ ಸೈಕಲ್ಲಿಗೆ ಚೀಲ ತೂಗುಹಾಕಿಕೊಂಡು ಮನೆಗೇ ಬಂದರು. ಅವ್ವ ಎಲ್ಲರಿಗೂ ಶಾವಿಗೆ ಪಾಯಸ ಕೊಟ್ಟಳು. ಅಪ್ಪನ ಎದುರು ಮಾತು ಹೊರಡದೆ ಸರ್ ಚೀಲದಿಂದ ಫಾರ್ಮಲಿನ್ ನಾರುವ ಜಾಡಿಯೊಂದನ್ನು ತೆಗೆದು ಪಾಯಸದ ಬಟ್ಟಲಿನ ಪಕ್ಕದಲ್ಲೇ ಇಟ್ಟರು. ಬೆಳ್ಳನೆಯ, ಉದ್ದುದ್ದ ಹುಳಗಳು. ಅಪ್ಪ ಬಾಯಿಗೊಯ್ದ ಚಮಚ ಹಾಗೇ ಕೆಳಗಿಟ್ಟ.

“ಇವುಗಳ ಬಳಗದಾಗ ಮಣ್ಣಿನ ಹುಳ ಅದಾವ್ರಿ,” ಸರ್ ಜಾಡಿಗೇ ಹೇಳಿದರು. “ಗಂಡಿನ ಕಾಟಕ್ಕ ಹೆಣ್ಣಿನ ಆಯುಷ್ಯನ ಕಡಿಮಿ ಆಗತೈತ್ರಿ. ಅದಕ್ಕ ಅದು ಓಡತೈತಿ. ನಿಮ್ಮ ಮಗಳು ಪರೀಕ್ಷಿ ಬರೀಲ್ರಿ.”

ಅಪ್ಪ ಹುಬ್ಬು ಗಂಟಿಕ್ಕಿದ. ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಅಜ್ಜಿ ಕೈ ನಿಲ್ಲಿಸಿದಳು.

“ಖರೇ ಐತಿ ನೋಡಪ್ಪಾ ಮಾಸ್ತರ. ಒಂಬತ್ತು ಹಡದೀನಿ, ನನ್ನ ಕೇಳು,” ಅಂದವಳು ಅಪ್ಪನತ್ತ ತಿರುಗಿದಳು. “ಲೇ, ಹುಳಕ್ಕಿರೋ ಬುದ್ಧಿ ನಮಗ ಬ್ಯಾಡೇನು? ಹುಡುಗಿ ಪರೀಕ್ಷಿ ಬರೀಲಿ.”

ಅಜ್ಜಿಯ ಮಾತು ಮೀರುವ ಗಂಡಸು ನಮ್ಮ ಮನೆಯಲ್ಲಿ ಹುಟ್ಟಿರಲಿಲ್ಲ. ಹರಪನಹಳ್ಳಿಯವರು ಕಾಯಲಿಲ್ಲ, ತಿಂಗಳೊಳಗೆ ಬೇರೆ ಕಡೆ ಹೂ ಮುಡಿಸಿದರು. ನಾನು ಪರೀಕ್ಷೆ ಬರೆದೆ. ಮುಂದೆ ಅದೇ ಹುಳಗಳ ಪಾಠ ಹೇಳುವವಳಾದೆ. ಸರ್ ಸಿಕ್ಕಾಗಲೆಲ್ಲ ಆ ಸಂಜೆಯ ಮಾತೆತ್ತಿ ಕೈಮುಗಿಯಬೇಕು ಅಂದುಕೊಳ್ಳುತ್ತಿದ್ದೆ. ಬಾಯಿ ತೆರೆಯುವ ಮೊದಲೇ ಅವರು ನಾಚಿ ಸೈಕಲ್ ಏರಿಬಿಡುತ್ತಿದ್ದರು.

ಈಗ ಅವರಿಲ್ಲ... ಸುದ್ದಿ ನನಗೆ ಮುಟ್ಟಿದಾಗ ಮಣ್ಣಾಗಿ ವಾರ ಕಳೆದಿತ್ತು.

ಮೊನ್ನೆ ಜಾಡಿಯ ಮುಚ್ಚಳ ಬಿಗಿ ಮಾಡಿ ಹುಡುಗಿಯರನ್ನು ಒಳಗೆ ಕರೆದೆ. ಹೂ ಮುಡಿಸುವ ಉದಾಹರಣೆ ಕೊಟ್ಟು, ಯಾರಾದರೂ ಆ ಪ್ರಶ್ನೆ ಕೇಳಲಿ ಎಂದು ಕಾದೆ. ಯಾರೂ ಕೇಳಲಿಲ್ಲ. “ಬ್ಯಾಡಾದ್ರ ಓಡತೈತಿ,” ಎಂದು ನಾನೇ ಹೇಳಿದೆ. ಹೇಳುತ್ತಲೇ ಕಣ್ಣು ತುಂಬಿ ಬಂತು. ಉಳಿದ ಪಾಠವನ್ನು ಬೋರ್ಡಿಗೆ ಹೇಳಿದೆ.