ಆರದ ದೀಪದ ತಕರಾರು

ಕುರ್ಚಿಯಿಂದ ಎದ್ದ ಮೇಲೂ ಕಾಕಾರ ಬಲ ಅಂಗೈ ಅದರ ತೋಳಿನ ಮೇಲೇ ಇರುತ್ತಿತ್ತು. ಕಿರುಬೆರಳು ಸೊಟ್ಟಗಾದ, ಅಗಲವಾದ ಅಂಗೈ. ಇನ್ನೊಬ್ಬರು ಬಂದು ಕೂತ ಮೇಲಷ್ಟೇ ಅದನ್ನು ತೆಗೆಯುತ್ತಿದ್ದರು. ಧಾರವಾಡದಿಂದ ಬಂದ ಅವರು ವಿಜಯವಾಡದ ಆಚೆ, ಕೊಂಡಪಲ್ಲಿಯ ಹತ್ತಿರ, ವಿದ್ಯುತ್ ಸ್ಥಾವರದ ಕಂಟ್ರೋಲ್ ರೂಮಿನಲ್ಲಿ ಆಯುಷ್ಯ ಕಳೆದವರು. ಅಲ್ಲಿ ಪಾಳಿ ಮುಗಿದರೂ ಮುಂದಿನವನು ಬಂದು ಸಹಿ ಹಾಕಿ "ತೀಸುಕುನ್ನಾ", ಅಂದರೆ "ತಗೊಂಡೆ" ಎನ್ನುವ ತನಕ ಕುರ್ಚಿ ಬಿಡುವಂತಿರಲಿಲ್ಲ. ಆ ಚಟ ಮದುವೆ ಮನೆಯ ಪಂಕ್ತಿಗೂ ಬಂದಿತ್ತು. ಮುಂದಿನವರು ಬರದೆ ಏಳುತ್ತಿರಲಿಲ್ಲ. ಬಡಿಸುವವರು ಇವರಿಗೆ ಇನ್ನೂ ಹಸಿವೆಂದು ತಿಳಿದು ಮತ್ತೆ ಅನ್ನ ಹಾಕುತ್ತಿದ್ದರು.

ನಾನು ವಿಶಾಖಪಟ್ಟಣದಲ್ಲಿ, ಋಷಿಕೊಂಡದ ಒಂದು ಆಫೀಸಿನಲ್ಲಿ ವಿಡಿಯೋ ಗೇಮುಗಳಿಗೆ ಕತೆ ಬರೆಯುತ್ತೇನೆ. ರಜೆಗೆ ಕಾಕಾರ ಮನೆಗೆ ಹೋದಾಗ ನನ್ನ ಮೊದಲ ಆಟವನ್ನು ಅವರ ಲ್ಯಾಪ್‌ಟಾಪಿಗೆ ಹಾಕಿಕೊಟ್ಟಿದ್ದೆ. ದೂರದ ಗ್ರಹದಲ್ಲೊಂದು ನಿಲ್ದಾಣ. ಕೋಣೆಯಲ್ಲಿ ಜೀವ ಇರುವ ತನಕ ಮಾತ್ರ ಅಲ್ಲಿ ದೀಪ ಉರಿಯುತ್ತದೆ. ಕೊನೆಗೆ ಉಳಿದ ಒಬ್ಬಳೇ ಕೆಲಸಗಾರ್ತಿ ಹೊರಗೆ ಹೋಗಿ ಬಾಗಿಲು ಮುಚ್ಚುತ್ತಾಳೆ. ಖಾಲಿ ಕುರ್ಚಿಯ ಮೇಲೆ ದೀಪ ಉರಿಯುತ್ತಲೇ ಇರುತ್ತದೆ. ನೋಡಲು ಚೆಂದವೆಂದು ಹಾಗೆ ಬರೆದಿದ್ದೆ.

ಆಟ ಮುಗಿಸಿ ಕಾಕಾ ಕನ್ನಡಕ ತೆಗೆದರು.

"ದೀಪ ಹತ್ತೇದ ಅಂದ್ರ ಒಳಗ ಒಬ್ರು ಅದಾರ. ಯಾರನ್ನ ಬಿಟ್ಟು ಬಂದಿ, ಮಗಳ?"

"ಯಾರೂ ಇಲ್ಲ ಕಾಕಾ. ಕತಿ ಅದು."

"ಕತಿ ನಿಂದ, ಕಾನೂನೂ ನಿಂದ. ನಿನ್ನ ಕಾನೂನು ನೀನ ಮುರದ್ರ ಹ್ಯಾಂಗ?"

ನನಗೆ ಸಿಟ್ಟು ಬಂತು. ಆಫೀಸೆಲ್ಲ ಹೊಗಳಿದ ಕೊನೆ ಅದು. ಆದರೆ ವಿಶಾಖಪಟ್ಟಣಕ್ಕೆ ವಾಪಸು ಬಂದ ಮೇಲೆ ಆ ಖಾಲಿ ಕುರ್ಚಿಯನ್ನು ನೋಡಿದಾಗಲೆಲ್ಲ ಕಾಕಾರ ಪ್ರಶ್ನೆ ನೆನಪಾಗತೊಡಗಿತು. ಯಾರನ್ನು ಬಿಟ್ಟು ಬಂದೆ? ಕೊನೆಗೆ ತಿದ್ದಿದೆ. ಬಾಗಿಲು ಮುಚ್ಚಿದ ಕೂಡಲೇ ದೀಪ ಆರುವಂತೆ ಮಾಡಿ ಹೊಸ ಪ್ರತಿ ಕಳಿಸಿದೆ. ಕಾಕಾ ಅದನ್ನು ಹಾಕಿಕೊಂಡರೋ ಇಲ್ಲವೋ, ಹೇಳಲಿಲ್ಲ.

ಆಮೇಲೆ ವಿಜಯವಾಡದ ಆಸ್ಪತ್ರೆ ಸೇರಿದರು. ಎರಡು ದಿನ ಒಂದೇ ಮಾತು: "ಯಾರು ತಗೊಂಡ್ರು?" ಹಳೆಯ ಡ್ಯೂಟಿಯ ಕನವರಿಕೆ ಎಂದು ಅವರ ಹೆಂಡತಿ, ನನ್ನ ಕಾಕು, ಕಾಕಾರ ಜೊತೆ ಕೆಲಸ ಮಾಡಿದವರೊಬ್ಬರನ್ನು ಕರೆಸಿದರು. ಅವರು ಕಾಕಾರ ಕೈ ಹಿಡಿದು "ತೀಸುಕುನ್ನಾ ಸಾರ್" ಎಂದರೆ, ಕಾಕಾ ಅವರನ್ನು ದಿಟ್ಟಿಸಿ ತಲೆಯಲ್ಲಾಡಿಸಿದರಂತೆ. "ನೀವಲ್ಲ." ಕಾಕಾ ಹೋದ ಸುದ್ದಿ ಬಂದಾಗ ನನ್ನ ರೈಲು ಇನ್ನೂ ವಿಶಾಖಪಟ್ಟಣದ ಮಗ್ಗುಲಿನ ದುವ್ವಾಡದಲ್ಲಿತ್ತು. ಒಂದು ದಿನ ಮೊದಲು ಹೊರಡಬಹುದಿತ್ತು, ಹೊರಡಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

ಮೂರನೆಯ ದಿನ ಮಧ್ಯಾಹ್ನ ಕಾಕು ನನ್ನನ್ನು ಕಾಕಾರ ಮೇಜಿನ ಹತ್ತಿರ ಕರೆದು ಲ್ಯಾಪ್‌ಟಾಪ್ ತೋರಿಸಿದರು. "ಬಂದ್ ಮಾಡಬ್ಯಾಡ ಅಂದಿದ್ರಮ್ಮಾ. ನಾ ಮಾಡಿಲ್ಲ."

ತೆರೆಯ ಮೇಲೆ ನನ್ನ ಆಟದ ಕೊನೆಯ ಕೋಣೆ. ಕಾಕಾ ಕೆಲಸಗಾರ್ತಿಯನ್ನು ಹೊರಗೆ ಕಳಿಸಿರಲಿಲ್ಲ, ಕುರ್ಚಿಯಲ್ಲಿ ಕೂರಿಸಿಟ್ಟಿದ್ದರು. ನಾನು ನಿಂತುಕೊಂಡೇ ಅವಳನ್ನು ಎಬ್ಬಿಸಿ ಹೊರಗೆ ನಡೆಸಿದೆ. ಬಾಗಿಲು ಮುಚ್ಚಿತು. ದೀಪ ಆರಲಿಲ್ಲ.

ಹಳೆಯ ಪ್ರತಿಯೇ ಇರಬೇಕು ಅಂದುಕೊಂಡೆ. ಆದರೂ ಕಾಕಾರ ಕುರ್ಚಿ ಎಳೆದು ಕೂತೆ.

"ತಗೊಂಡೆ, ಕಾಕಾ," ಅಂದೆ.

ದೀಪ ಆರಿತು.

ನಾನು ಬರೆದ ಯಾವ ಪ್ರತಿಯಲ್ಲೂ ಮಾತು ಕೇಳಿ ಆರುವ ದೀಪ ಇಲ್ಲ. ಈಗ ಋಷಿಕೊಂಡದ ಆಫೀಸಿನಲ್ಲಿ ಕುರ್ಚಿಯಿಂದ ಎದ್ದ ಮೇಲೂ ನನ್ನ ಅಂಗೈ ಒಂದು ಗಳಿಗೆ ಅದರ ತೋಳಿನ ಮೇಲೇ ಇರುತ್ತದೆ.